ಕೂಡಿಸುವ ಗುರುತು ಕಂಡಾಗ ಸುಮ್ಮನಿರಬೇಕು

ಮಕ್ಕಳೇ, ನನಗೆ ಮಾತು ನಿಂತುಹೋದದ್ದು ಮೊದಮೊದಲು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನಾನು ಮಾತಾಡುವುದೇ ಕಡಿಮೆ, ಅದಕ್ಕೆ.

ಮಾರ್ಗನ್ ಹಿಲ್ಲಿನ ಈ ಮನೆಯ ಅಡುಗೆಮನೆಯಲ್ಲಿ ನಿಂತು ಸೊಪ್ಪು ಬಿಡಿಸುತ್ತಿದ್ದೆ. ನಿಮ್ಮ ಅಮ್ಮ ಕಾರಿನ ಕೀಲಿಕೈ ಹುಡುಕುತ್ತಾ, "ಅಮ್ಮ, ಸಂಜೆಗೆ ಉಪ್ಸಾರು ಮಾಡ್ತೀಯಾ, ಇಲ್ಲ ಏನಾದ್ರೂ ಆರ್ಡರ್ ಮಾಡ್ಲಾ?" ಎಂದು ಕೇಳಿದಳು. ಮಾಡುತ್ತೇನೆ ಎನ್ನಬೇಕು. ಬಾಯಿ ತೆರೆದೆ. ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು ಅಂತಲ್ಲ, ಅಲ್ಲಿಯವರೆಗೆ ಬರಲೇ ಇಲ್ಲ. ಎದುರಿಗಿದ್ದ ಪಾತ್ರೆ ಕಾಣುತ್ತಿತ್ತು, ಅದು ಏತಕ್ಕೆ ಬಳಸುವುದು ಎಂದು ಗೊತ್ತಿತ್ತು, ಆದರೆ ಅದರ ಹೆಸರು ಇರಲಿಲ್ಲ. ಯಾವುದರ ಹೆಸರೂ ಇರಲಿಲ್ಲ. ಮನಸ್ಸಿನ ಒಳಗೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಎಲ್ಲ ವಾಪಸು ಬಂತು.

"ನೆನ್ನೆ ಡಿಶ್‌ವಾಶರ್‌ಗೆ ಹಾಕು ಅಂದಿದ್ದಕ್ಕೆ ಇನ್ನೂ ಕೋಪಾನಾ? ಆಯ್ತು ಕಣಮ್ಮಾ, ನೀನೇ ತೊಳ್ಕೋ, ತಿಕ್ಕೀ ತಿಕ್ಕೀ ಪಾತ್ರೆ ತೂತಾಗ್ಲಿ," ಎಂದು ನಗಾಡಿಕೊಂಡು ಅವಳು ಆಫೀಸಿಗೆ ಹೊರಟಳು. ಫಾಸ್ಟರ್ ಸಿಟಿಯವರೆಗೆ ಹೋಗಬೇಕು, ಅವಳಿಗೂ ಹೊತ್ತಾಗಿತ್ತು.

ಹೀಗೆ ಹಲವು ಸಲ ಆಯಿತು. ಕೊನೆಗೆ ಕಂಡುಹಿಡಿದದ್ದು ನಿಮ್ಮಲ್ಲಿ ದೊಡ್ಡವಳು. ಜಡೆ ಹಾಕಿಸಿಕೊಳ್ಳಲು ನನ್ನ ಮುಂದೆ ಕೂತಿದ್ದೆ ಕಂದಾ ನೀನು, ಏನೋ ಕೇಳಿದೆ, ನಾನು ಹೇಳದೆ ಇದ್ದಾಗ ತಿರುಗಿ ನೋಡಿದೆ. "ಮಾಮ್! ಅಜ್ಜಿ ಬಾಯಿ ಈಸ್ ಫನ್ನಿ!" ಎಂದು ಕಿರುಚಿದೆ. ನನ್ನ ತುಟಿ ಒಂದು ಕಡೆಗೆ ಎಳೆದುಕೊಂಡಿತ್ತಂತೆ. ನಿಮ್ಮ ಅಮ್ಮ ಲ್ಯಾಪ್‌ಟಾಪು ಬಿಟ್ಟು ಓಡಿ ಬಂದಳು. ಅವತ್ತೇ ಆಸ್ಪತ್ರೆಗೆ ಹೋದೆವು. ತಲೆಯ ಎಡಗಡೆ, ಕಿವಿಯ ಮೇಲ್ಭಾಗದಲ್ಲಿ, ನೆಲ್ಲಿಕಾಯಿಯಷ್ಟು ಗಡ್ಡೆ ಇದೆ ಎಂದರು. ಅದು ಕೆಟ್ಟ ಜಾತಿಯದಲ್ಲ, ಆದರೆ ಕೂತ ಜಾಗ ಕೆಟ್ಟದ್ದು. ಪಕ್ಕದಲ್ಲೇ ಎಲ್ಲೋ ಮಾತಿನ ಜಾಗವಿದೆ. ಹೀಗೇ ಬಿಟ್ಟರೆ ಬೆಳೆದು ಮಾತನ್ನು ತಿನ್ನುತ್ತದೆ. ತೆಗೆಯುವಾಗ ಕೈತಪ್ಪಿದರೂ ಮಾತು ಹೋಗುತ್ತದೆ.

ಡಾಕ್ಟರು ಇದನ್ನು ಹೇಳುವಾಗ ನಿಮ್ಮ ಅಮ್ಮ ನನ್ನ ಕೈ ಹಿಡಿದುಕೊಂಡಿದ್ದಳು. ನಾನು ಭಯಪಟ್ಟದ್ದು ಅವಳು ಅಂದುಕೊಂಡ ಕಾರಣಕ್ಕಲ್ಲ. ಅದನ್ನು ಹೇಳಬೇಕಾದರೆ ನಿಮ್ಮ ತಾತನ ವಿಷಯ ಹೇಳಬೇಕು.

ನಿಮ್ಮ ತಾತ ಮಂಡ್ಯ ಡಿಪೋದಲ್ಲಿ ಬಸ್ ಕಂಡಕ್ಟರಾಗಿದ್ದರು. ಇಡೀ ದಿನ ಬಸ್ಸಿನಲ್ಲಿ ಮಾತು, ಮನೆಗೆ ಬಂದ ಮೇಲೂ ಮಾತು. ಯಾರು ಟಿಕೆಟ್ಟು ತೆಗೆದುಕೊಳ್ಳದೆ ಸೀಟಿನ ಕೆಳಗೆ ಬಗ್ಗಿದರು, ಯಾವ ಮುದುಕಿ ಕೋಳಿಗೆ ಟಿಕೆಟ್ಟು ಏಕೆಂದು ಜಗಳಕ್ಕೆ ನಿಂತಳು, ಎಲ್ಲವನ್ನೂ ಅಭಿನಯಿಸಿ ತೋರಿಸುತ್ತಿದ್ದರು. ನಾನು ಮುದ್ದೆ ತಿರುವುತ್ತಾ ಕೇಳುತ್ತಿದ್ದೆ. ಹಳ್ಳಿ ಸ್ಕೂಲಿನಲ್ಲಿ ಏಳನೇ ಕ್ಲಾಸು ಓದಿದವಳು ನಾನು, ಮೇಷ್ಟರು ಎಬ್ಬಿಸಿ ನಿಲ್ಲಿಸಿದರೂ ಬಾಯಿ ಬಿಡುತ್ತಿರಲಿಲ್ಲ. ಮದುವೆಯಾದ ಮೇಲೂ ಅದೇ ಅಭ್ಯಾಸ. "ನೀನು ನನ್ ಬಸ್ ಹತ್ತಿದ್ರೆ ಇಳಿಯೋ ಸ್ಟಾಪೂ ಹೇಳ್ದೆ ಮೈಸೂರ್ಗಂಟ ಹೊಂಟೋಯ್ತೀಯ ಕಣೆ," ಎಂದು ರೇಗಿಸುತ್ತಿದ್ದರು. ಮಾತಿನ ನಡುವೆ ಎಲೆ ಅಡಿಕೆ ಹಾಕಿಕೊಳ್ಳಲು ನಿಲ್ಲಿಸುವರು. ಕತೆ ಅರ್ಧದಲ್ಲಿ ನಿಂತಿರುತ್ತಿತ್ತು. ನಾನು ಕಾಯುತ್ತಿದ್ದೆ. ಅಗಿದು, ಒಂದು ಸಲ ಉಗಿದು ಬಂದು, ಅದೇ ಮಾತಿನಿಂದ ಮುಂದುವರಿಸುತ್ತಿದ್ದರು.

ಅವರು ತೀರಿಕೊಂಡ ಮೇಲೆ ನಿಮ್ಮ ಅಮ್ಮ ನನ್ನನ್ನು ಈ ದೇಶಕ್ಕೆ ಕರೆತಂದಳು. ಒಳ್ಳೆಯ ಮನೆ, ಒಳ್ಳೆಯ ಬಿಸಿಲು. ದಕ್ಷಿಣದಿಂದ ಗಾಳಿ ಬೀಸಿದರೆ ಹೊಲಗಳ ಕಡೆಯಿಂದ ಬೆಳ್ಳುಳ್ಳಿಯ ವಾಸನೆ ಬರುತ್ತದೆ. ಬೆಳಿಗ್ಗೆ ನೀವು ಸ್ಕೂಲಿಗೆ, ನಿಮ್ಮ ಅಪ್ಪ ಸ್ಯಾನ್ ಹೊಸೆಗೆ, ಅಮ್ಮ ಫಾಸ್ಟರ್ ಸಿಟಿಗೆ. ಗ್ಯಾರೇಜಿನ ಬಾಗಿಲು ಕೊನೆಯ ಸಲ ಕೆಳಗಿಳಿದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಪಕ್ಕದ ಮನೆಯವರು ಸಿಕ್ಕರೆ ಕೈ ಎತ್ತುತ್ತಾರೆ, ನಾನೂ ಎತ್ತುತ್ತೇನೆ. ಅದಕ್ಕಿಂತ ಹೆಚ್ಚಿಗೆ ನಮ್ಮ ನಡುವೆ ಹೇಳಿಕೊಳ್ಳುವ ಭಾಷೆ ಇಲ್ಲ.

ಯಾವಾಗ ಶುರುವಾಯಿತೋ ಗೊತ್ತಿಲ್ಲ, ನಾನು ನಿಮ್ಮ ತಾತನ ಜೊತೆ ಮಾತಾಡಲು ಹಿಡಿದೆ. ಬಾಯಿ ಬಿಟ್ಟು ಅಲ್ಲ, ಮನಸ್ಸಿನೊಳಗೆ. ಇವತ್ತು ತಿಂಡಿ ಏನು, ಎದುರುಮನೆ ನಾಯಿಗೆ ಸ್ವೆಟರ್ ಹಾಕಿದ್ದಾರೆ, ಮೊಮ್ಮಗನ ಹಲ್ಲು ಬಿತ್ತು, ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ್ದಾನೆ. ಬದುಕಿದ್ದಾಗ ಅವರಿಗೆ ಹೇಳದೆ ಉಳಿಸಿದ ಮಾತೆಲ್ಲ ಒಟ್ಟಿಗೆ ಬಂದ ಹಾಗೆ. ತರಕಾರಿ ಹೆಚ್ಚುವಾಗ, ಬಟ್ಟೆ ಮಡಿಸುವಾಗ, ಹಿತ್ತಲಿನ ಕುರ್ಚಿಯಲ್ಲಿ ಕೂತಾಗ, ಒಂದೇ ಸಮ. ಎಲ್ಲೂ ನಿಲ್ಲಿಸುತ್ತಿರಲಿಲ್ಲ. ನಿಮ್ಮ ಅಮ್ಮ ಫೋನಿನಲ್ಲಿ ಗೆಳತಿಯರಿಗೆ, "ನಮ್ಮಮ್ಮ ಇಲ್ಲಿ ಫುಲ್ ಸೆಟ್ಲಾಗಿದಾಳೆ ಕಣ್ರೇ, ಏನೂ ಕಂಪ್ಲೇಂಟಿಲ್ಲ, ತನ್ನಷ್ಟಕ್ಕೆ ತಾನಿರ್ತಾಳೆ," ಎನ್ನುವಾಗಲೂ ಅದನ್ನು ನಾನು ಅವರಿಗೆ ಹೇಳುತ್ತಿದ್ದೆ.

ಮಾತು ನಿಂತ ಆ ಗಳಿಗೆಗಳಲ್ಲಿ ಅವರೊಂದಿಗಿನ ಮಾತೂ ನಿಲ್ಲುತ್ತಿತ್ತು. ಮಾತು ಹೋದರೆ ಅಂಗಡಿಯಲ್ಲಿ, ಫೋನಿನಲ್ಲಿ ಮೂಕಿಯಾಗಿರುವುದು ನನಗೆ ದೊಡ್ಡದಾಗಿ ಕಾಣಲಿಲ್ಲ. ಅವರೊಂದಿಗೂ ಹೋಗುತ್ತದಲ್ಲ ಎನ್ನುವುದೇ ನನ್ನ ಭಯ. ಅದು ಹೋದರೆ ಹಗಲನ್ನು ಕಳೆಯುವುದು ಹೇಗೆಂದು ನನಗೆ ತಿಳಿಯಲಿಲ್ಲ.

ಆಪರೇಷನ್ನಿಗೆ ಮೊದಲು ಮಾತಿನ ಜಾಗ ಎಲ್ಲಿದೆ ಎಂದು ಒಂದು ಮಿಷನ್ನಿನಲ್ಲಿ ನೋಡಬೇಕೆಂದರು. ಅದರ ಉಸ್ತುವಾರಿ ಒಬ್ಬ ಡಾಕ್ಟರಮ್ಮನದು. ಬೆಳ್ಳಿ ಕೂದಲು, ಕಾಲಿಗೆ ಓಡುವವರ ಶೂಸು. ಅಲ್ಲಿ ಮನೆಯವರು ಭಾಷಾಂತರ ಮಾಡುವ ಹಾಗಿಲ್ಲವಂತೆ. ಅದಕ್ಕೆ ಮೇಜಿನ ಮೇಲೆ ಫೋನಿಟ್ಟು ಯಾವುದೋ ದೂರದ ಊರಿನಿಂದ ಒಬ್ಬರನ್ನು ಕರೆದರು. ಗಂಡಸಿನ ದನಿ, ಉತ್ತರ ಕರ್ನಾಟಕದ ಕಡೆಯವರು.

"ನಮಸ್ಕಾರ್ರೀ ಅಮ್ಮಾರ. ನೀವು ಏನಂದ್ರೂ ನಾ ಹಂಗ ಇಂಗ್ಲಿಷ್‌ನ್ಯಾಗ ಹೇಳ್ತೇನ್ರಿ. ನನ್ನ ಕಡಿಂದ ಒಂದಕ್ಷರ ಸೇರಸೂದಿಲ್ಲ, ಒಂದಕ್ಷರ ಬಿಡೂದಿಲ್ಲ. ಅದು ರೂಲ್ಸ್ ರೀ."

ಎಷ್ಟೋ ಕಾಲದ ಮೇಲೆ ಹೊಸ ಕನ್ನಡದ ದನಿ ಕೇಳಿದ್ದು. ನನ್ನಂಥವಳ ಬಾಯಿಂದಲೂ, "ನಿಮ್ದು ಯಾವೂರಪ್ಪ?" ಎಂದು ಬಂದುಬಿಟ್ಟಿತು.

"ಅದನ್ನೂ ಅವರಿಗೆ ಹೇಳಬೇಕಾಗ್ತದಲ್ರೀ ಅಮ್ಮಾರ," ಎಂದು ಆ ದನಿ ನಿಜವಾಗಿಯೂ ಡಾಕ್ಟರಮ್ಮನಿಗೆ ಇಂಗ್ಲಿಷಿನಲ್ಲಿ ನಿಮ್ಮೂರು ಯಾವುದು ಎಂದು ಕೇಳಿತು. ಡಾಕ್ಟರಮ್ಮ ಗಾಬರಿಯಾಗಿ ತಮ್ಮ ಊರಿನ ಹೆಸರು ಹೇಳಿದರು. ನಿಮ್ಮ ಅಮ್ಮ ಮುಖ ಮುಚ್ಚಿಕೊಂಡು ನಕ್ಕಳು.

ಮಿಷನ್ನು ಹೇಗೆ ನೋಡುತ್ತದೆ ಎಂದು ಡಾಕ್ಟರಮ್ಮ ವಿವರಿಸಿದರು, ದನಿ ಅದನ್ನು ಕನ್ನಡಕ್ಕೆ ತಂದಿತು. ಮಿಷನ್ನಿಗೆ ಮಾತು ಕೇಳಿಸುವುದಿಲ್ಲ, ಯೋಚನೆ ಕಾಣಿಸುವುದಿಲ್ಲ. ಅದು ನೋಡುವುದು ರಕ್ತವನ್ನು. ಮಿದುಳಿನ ಯಾವ ಜಾಗ ಕೆಲಸ ಮಾಡುತ್ತದೋ ಅಲ್ಲಿಗೆ ಹೊಸ ರಕ್ತ ನುಗ್ಗುತ್ತದೆ, ಬೇಕಾದ್ದಕ್ಕಿಂತ ಹೆಚ್ಚಾಗಿಯೇ. ಆಮ್ಲಜನಕ ತುಂಬಿಕೊಂಡ ರಕ್ತಕ್ಕೂ ಅದನ್ನು ಕೊಟ್ಟು ಖಾಲಿಯಾದ ರಕ್ತಕ್ಕೂ ಅಯಸ್ಕಾಂತದ ಮುಂದೆ ವ್ಯತ್ಯಾಸವಿದೆ. ಮಿಷನ್ನು ದೊಡ್ಡ ಅಯಸ್ಕಾಂತ, ಆ ವ್ಯತ್ಯಾಸವನ್ನು ಹಿಡಿಯುತ್ತದೆ. ಕೆಲಸ ಶುರುವಾದ ತಕ್ಷಣ ರಕ್ತ ಬರುವುದಿಲ್ಲ, ಸ್ವಲ್ಪ ತಡವಾಗಿ ಬರುತ್ತದೆ.

ನನಗೆ ಇದು ಕಷ್ಟವಾಗಲಿಲ್ಲ. ನಮ್ಮೂರು ನಾಲೆಯ ಬಯಲು. ನಾಲೆ ಕಾಯುವ ನೀರುಗಂಟಿ ತೂಬು ಎತ್ತಿದ ಗಳಿಗೆಗೇ ಗದ್ದೆಗೆ ನೀರು ಬರುವುದಿಲ್ಲ. ಕಾಲುವೆಯ ಒಣ ಮಣ್ಣು ನೆನೆಯಬೇಕು, ಆಮೇಲೆ ಬದುವಿನ ಹತ್ತಿರ ಸದ್ದು. ದೂರದಿಂದ ನೋಡುವವನಿಗೆ ತೂಬು ಎತ್ತಿದ್ದು ಕಾಣುವುದಿಲ್ಲ, ಯಾರ ಗದ್ದೆ ಹೊಳೆಯುತ್ತಿದೆ ಎನ್ನುವುದು ಕಾಣುತ್ತದೆ.

"ನಿಮ್ಮ ಮಗಳ ದನಿಯೊಳಗ ಒಂದೊಂದು ವಸ್ತುವಿನ ಹೆಸರು ಕೇಳಸ್ತದ್ರಿ. ಅದರಿಂದ ಏನ್ ಮಾಡ್ತಾರ ಅಂತ ನೀವು ಮನಸ್ನ್ಯಾಗ ಹೇಳ್ಕೋಬೇಕು. ನಾಲಿಗಿ ಅಲ್ಲಾಡಸಬ್ಯಾಡ್ರಿ. ನಡುನಡುವ ಕೂಡಸೂ ಗುರ್ತು ಕಾಣಸ್ತದ, ಲೆಕ್ಕದಾಗ ಇರ್ತದಲ್ಲ, ಅದು. ಅದು ಕಂಡಾಗ ಸುಮ್ಮನಿರ್ರಿ. ಅದನ್ನ ನೋಡ್ಕೋತ ಸುಮ್ಮನಿರೂದು, ಅಷ್ಟ."

ಸುಮ್ಮನಿರುವುದು ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂದುಕೊಂಡೆ.

ಮಿಷನ್ನಿನ ದಿನ ಮೈಮೇಲೆ ಲೋಹ ಏನೂ ಇರಬಾರದೆಂದರು. ಓಲೆ ಬಿಚ್ಚಿದೆ. ರವಿಕೆಯ ಹುಕ್ಕೂ ಲೋಹವೇ, ಸೆರಗಿನ ಪಿನ್ನೂ ಲೋಹವೇ, ಬಳೆಗೆ ಸಿಕ್ಕಿಸಿಕೊಂಡಿದ್ದ ಇನ್ನಷ್ಟು ಪಿನ್ನೂ. ಸೀರೆಗೆ ಸಣ್ಣ ಜರಿ ಅಂಚು ಇತ್ತು, ಅದೂ ಬೇಡವೆಂದರು. ನೀಲಿ ಪೈಜಾಮ, ದೊಗಳೆ ಅಂಗಿ ಕೊಟ್ಟರು. ಜೀವನದಲ್ಲಿ ಮೊದಲ ಸಲ ಪೈಜಾಮ ಹಾಕಿ ಹೊರಗೆ ಬಂದಾಗ ನಿಮ್ಮ ಅಮ್ಮ, "ಸೂಪರ್ ಕಾಣ್ತಿದೀಯಮ್ಮ, ಫೋಟೋ ತೆಗೀಲಾ?" ಎಂದಳು. "ತೆಗ್ದೀಯೆ ಹುಷಾರು," ಎಂದೆ. ಇಬ್ಬರೂ ನಕ್ಕೆವು. ಆಮೇಲೆ ಅವಳು ಹೊರಗೆ ಉಳಿದಳು.

ಮುಖದ ಮೇಲೆ ಪಂಜರದಂಥದ್ದನ್ನು ಮುಚ್ಚಿ, ಅದರ ಮೇಲಿನ ಸಣ್ಣ ಕನ್ನಡಿಯಲ್ಲಿ ಪರದೆ ಕಾಣುವ ಹಾಗೆ ಮಾಡಿ, ನನ್ನನ್ನು ಕೊಳವೆಯೊಳಗೆ ತಳ್ಳಿದರು. ಸದ್ದು ಊರಿನ ಹಿಟ್ಟಿನ ಮಿಲ್ಲಿನದಕ್ಕಿಂತ ಜೋರು. ಅದರ ನಡುವೆ ಕಿವಿಯೊಳಗೆ ನಿಮ್ಮ ಅಮ್ಮನ ದನಿ ಬಂತು. ಮೊದಲೇ ರೆಕಾರ್ಡು ಮಾಡಿಕೊಂಡಿದ್ದರು. "ಪೊರಕೆ," ಎಂದಿತು. "ಗುಡಿಸು," ಎಂದುಕೊಂಡೆ. "ಚಾಕು." "ಹೆಚ್ಚು." "ಬಿಂದಿಗೆ." "ತುಂಬು." ಒಂದೊಂದನ್ನೂ ಬಿಡಿಸಿ ನಿಧಾನವಾಗಿ ಹೇಳಿದ್ದಳು. ಅವಳು ನನ್ನೊಡನೆ ಅಷ್ಟು ನಿಧಾನವಾಗಿ ಮಾತಾಡಿ ಬಹಳ ಕಾಲವಾಗಿತ್ತು. ಮಿಷನ್ನಿನೊಳಗಿದ್ದೇನೆ ಎಂಬುದನ್ನು ಮರೆತು ಕೇಳುತ್ತಾ ಮಲಗಿದ್ದೆ.

ಕೂಡಿಸುವ ಗುರುತು ಬಂತು. ಸುಮ್ಮನೆ ಅದನ್ನು ನೋಡಿದೆ.

'ನೋಡಿ ಇಲ್ಲಿ, ನಿಮ್ ಮಗಳ ದನಿ ಮಿಷನ್ ಒಳಗಿಂದ ಬತ್ತಾ ಅದೆ. ಪೊರಕೇಲಿ ಏನ್ ಮಾಡ್ತಾರೆ ಅಂತ ನನ್ನ ಕೇಳ್ತಾವ್ಳೆ. ಅವ್ಳು ಪೊರಕೆ ಹಿಡ್ದು ಎಷ್ಟ್ ಕಾಲ ಆಯ್ತೋ, ಮನೇಲಿ ತಟ್ಟೆ ಥರದ್ದೊಂದು ತಾನೇ ಓಡಾಡ್ಕಂಡು ಗುಡಿಸ್ತದೆ. ಇಲ್ಲಿ ಚಳಿ ಕಣ್ರೀ, ಕಾಲ್ಮೇಲೆ ಕಂಬಳಿ ಹಾಕವ್ರೆ...'

ಮತ್ತೆ ಹೆಸರು, ಮತ್ತೆ ಗುರುತು, ಮತ್ತೆ ಅವರು. ಹೊರಗೆ ಬಂದಾಗ ನನಗೆ ಚೆನ್ನಾಗಿ ಮಾಡಿದ ಸಮಾಧಾನವೇ ಇತ್ತು. ಒಂದು ಸಲವೂ ತುಟಿ ಅಲ್ಲಾಡಿಸಿರಲಿಲ್ಲ.

ಮುಂದಿನ ವಾರ ಡಾಕ್ಟರಮ್ಮ ಕರೆದರು. ಮುಖದಲ್ಲಿ ಮೊದಲಿನ ಹಗುರ ಇರಲಿಲ್ಲ. ಫೋನಿನಲ್ಲಿ ಅದೇ ದನಿ. ಚಿತ್ರ ಬಂದಿಲ್ಲ ಎಂದರು. ಮಿಷನ್ನು ಮಾಡುವುದು ಕಳೆಯುವ ಲೆಕ್ಕ. ಮಾತಾಡುವಾಗಿನ ರಕ್ತದಿಂದ ಸುಮ್ಮನಿರುವಾಗಿನ ರಕ್ತವನ್ನು ಕಳೆದರೆ ಉಳಿಯುವುದು ಮಾತಿನ ಜಾಗ. ನನ್ನದರಲ್ಲಿ ಏನೂ ಉಳಿಯುತ್ತಿಲ್ಲ. ಎರಡೂ ಒಂದೇ ಥರ ಇವೆ.

"ಎರಡು ಕಾರಣ ಇರಬಹುದಂತ್ರಿ. ಒಂದು, ಆ ಗಡ್ಡಿ ಸುತ್ತ ಇರೂ ರಕ್ತನಾಳ ಕೆಟ್ಟಿರಬಹುದು. ಅಂದ್ರ ಮಿದುಳು ಕೆಲಸ ಮಾಡಿದ್ರೂ ರಕ್ತ ಬರೂದಿಲ್ಲ. ಹಂಗಿದ್ರ ಈ ಮಿಷನ್ನಿನಿಂದ ಏನೂ ಉಪಯೋಗಿಲ್ಲ. ಆಪರೇಷನ್ ನಡುವ ನಿಮ್ಮನ್ನ ಎಬ್ಬಿಸಿ, ಮಾತಾಡಿಸ್ಕೋತ ಮಾಡಬೇಕಾಗ್ತದ. ಅದಕ್ಕೂ ನಿಮ್ಮ ವಯಸ್ಸು, ಬೀಪಿ ನೋಡಿದ್ರ ಅವರಿಗೆ ಧೈರ್ಯ ಇಲ್ಲ. ಇಲ್ಲಾಂದ್ರ ಅಂದಾಜಿನ ಮ್ಯಾಲ ಮಾಡೂದು. ಮಾತು ಉಳೀತದ ಅಂತ ಖಾತ್ರಿ ಕೊಡೂದಿಲ್ಲ ಅಂತಾರ."

"ಇನ್ನೊಂದು ಕಾರಣ?" ಎಂದು ನಿಮ್ಮ ಅಮ್ಮ ಕೇಳಿದಳು.

"ಗುರ್ತು ಕಂಡಾಗ ಅವರು ಸುಮ್ಮನ ಇದ್ದಿರಲಿಕ್ಕಿಲ್ಲ ಅಂತ. ಅಮ್ಮಾರ, ಆವಾಗ ಏನ್ ಮಾಡ್ತಿದ್ರಿ ಅಂತ ಕೇಳಾಕತ್ತಾರ."

ನನಗೆ ಅಲ್ಲೇ ಗೊತ್ತಾಯಿತು. ಎಲ್ಲ ಗದ್ದೆಗೂ ಯಾವಾಗಲೂ ನೀರು ನಿಂತಿದ್ದರೆ ತೂಬು ಎತ್ತಿದ್ದು ಯಾರದಕ್ಕೆ ಎಂದು ಹೇಗೆ ಕಂಡೀತು? ನನ್ನಲ್ಲಿ ಮಾತು ನಿಂತೇ ಇರಲಿಲ್ಲ. ಕಳೆದರೆ ಸೊನ್ನೆ.

"ಏನೂ ಇಲ್ಲ. ಸುಮ್ನಿದ್ದೆ," ಎಂದೆ.

"ನಮ್ಮಮ್ಮ ಸುಮ್ನಿರೋದ್ರಲ್ಲಿ ಎಕ್ಸ್‌ಪರ್ಟು ಡಾಕ್ಟರ್. ದಿನಕ್ಕೆ ನಾಲ್ಕು ಮಾತಾಡಿದ್ರೆ ಹೆಚ್ಚು," ಎಂದು ನಿಮ್ಮ ಅಮ್ಮ ಇಂಗ್ಲಿಷಿನಲ್ಲಿ ಹೇಳಿದಳೆಂದು ಆ ದನಿ ನನಗೆ ತಿಳಿಸಿತು. ಹೆಮ್ಮೆಯಿಂದಲೇ ಹೇಳಿದ್ದಳು.

ವಾಪಸು ಬರುವಾಗ ಫ್ರೀವೇ ತುಂಬ ಕಾರು, ಮೆಲ್ಲಗೆ ಹೋಗುತ್ತಿದ್ದೆವು. ಅವಳು ಕಣ್ಣು ಒರೆಸಿಕೊಂಡು, "ಅಮ್ಮ, ಏನಾದ್ರೂ ಆಗ್ಲಿ, ನಾವಿದೀವಿ," ಎಂದಳು. ನಾನು ಹೊರಗೆ ನೋಡುತ್ತಿದ್ದೆ. ಹೇಳಿಬಿಡಬಹುದಿತ್ತು. ಹೇಳಿದರೆ ಅವಳಿಗೆ ಏನು ಕೇಳಿಸುತ್ತಿತ್ತು ಎಂದು ನನಗೆ ಗೊತ್ತು. ನನ್ನ ತಾಯಿ ನನ್ನ ಮನೆಯಲ್ಲಿ ಸತ್ತವರ ಜೊತೆ ಹಗಲೆಲ್ಲ ಮಾತಾಡಿಕೊಂಡು ಕೂರುತ್ತಾಳೆ ಎಂದು. ಅವಳು ಕೆಲಸ ಬಿಡಲು ಹೊರಡುತ್ತಾಳೆ, ಇಲ್ಲವೇ ದಿನವೂ ಹತ್ತು ಸಲ ಫೋನು ಮಾಡುತ್ತಾಳೆ, ರಾತ್ರಿ ಗಂಡನ ಹತ್ತಿರ ಅಳುತ್ತಾಳೆ. ಅವಳು ನನಗೆ ಕಡಿಮೆ ಮಾಡಿದ್ದು ಏನೂ ಇಲ್ಲ. ಇದು ಅವಳು ಕೊಡಲಾಗದ ಸಂಗತಿ, ಕೇಳಿ ಏನು ಪ್ರಯೋಜನ?

ಮನೆಗೆ ಬಂದು ಇದನ್ನೂ ನಿಮ್ಮ ತಾತನಿಗೇ ಹೇಳಿದೆ. ಹೇಳುತ್ತಿರುವಾಗಲೇ ಮಾತು ನಿಂತಿತು. ಹಿತ್ತಲಿನ ಕುರ್ಚಿಯಲ್ಲಿ ಕೂತಿದ್ದೆ. ಆ ಸಲ ಬಹಳ ಹೊತ್ತು ವಾಪಸು ಬರಲಿಲ್ಲ. ಬೇಲಿಯ ಮೇಲೆ ಅಳಿಲು ಓಡುತ್ತಿತ್ತು, ಅದು ಅಳಿಲು ಎಂದು ಅವರಿಗೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಇಡೀ ಆಯುಷ್ಯ ಹೀಗೆ ಇರಬೇಕಾದರೆ ಎಂದು ಆಮೇಲೆ, ಮಾತು ಬಂದ ಮೇಲೆ, ಯೋಚಿಸಿದೆ. ಆಗ ನಿರ್ಧಾರ ಮಾಡಿದೆ.

ಮತ್ತೆ ಡಾಕ್ಟರಮ್ಮನ ಹತ್ತಿರ ಹೋದಾಗ, ಕೂತ ಸ್ವಲ್ಪ ಹೊತ್ತಿಗೆ ನಿಮ್ಮ ಅಮ್ಮನಿಗೆ, "ಮಗ, ಕೆಳಗ್ ಹೋಗಿ ನಂಗೊಂದು ಕಾಫಿ ತಂದ್ಕೊಡವ್ವ," ಎಂದೆ.

"ಇಲ್ಲಿನ ಕಾಫಿ ಕುಡಿಯಲ್ವಲ್ಲಮ್ಮ ನೀನು, ಕಲಗಚ್ಚು ಅಂತೀಯ?"

"ಇವತ್ತು ಕುಡೀತೀನಿ ಕಣೆ, ಹೋಗು."

ಅವಳು ಹೋದಳು. ನಾನು ಫೋನಿನ ಕಡೆ ಬಗ್ಗಿದೆ. ಎದುರಿಗೆ ಮುಖವಿಲ್ಲದ್ದರಿಂದಲೇ ಇರಬೇಕು, ಮಾತು ಬಂತು. "ನಾನು ಸುಮ್ನಿರ್ಲಿಲ್ಲ ಕಣಪ್ಪ. ಆ ಗುರುತು ಕಂಡಾಗ್ಲೆಲ್ಲ ನಮ್ಮೆಜಮಾನ್ರ ಜೊತೆ ಮಾತಾಡ್ತಿದ್ದೆ. ಮನಸ್ನಲ್ಲೆ. ಅವರು ಇಲ್ಲ, ಹೋಗ್ಬುಟ್ಟವ್ರೆ. ಆದ್ರೂ ಮಾತಾಡ್ತೀನಿ. ಇಡೀ ದಿನ. ನಿಲ್ಸೋದು ಹೆಂಗೆ ಅಂತ ಗೊತ್ತಿಲ್ಲ."

ಆ ದನಿ ಇಂಗ್ಲಿಷಿನಲ್ಲಿ ಶುರುಮಾಡಿತು. ನಾನು ಹೇಳಿದ್ದನ್ನು ನಾನೇ ಹೇಳಿದ ಹಾಗೆ ಹೇಳುವುದು ಅವರ ರೂಲ್ಸು. ಅಷ್ಟು ಇಂಗ್ಲಿಷು ನನಗೂ ಅರ್ಥವಾಗುತ್ತದೆ. "ಮೈ ಹಸ್ಬೆಂಡ್," ಎಂದಿತು ಆ ಗಂಡಸಿನ ದನಿ, ನಿಧಾನವಾಗಿ, ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ.

ಡಾಕ್ಟರಮ್ಮ ನಗಲಿಲ್ಲ. ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿ ಏನೋ ಕೇಳಿದರು.

"ಅವರು ನಿಮಗ ಉತ್ತರ ಕೊಡ್ತಾರೇನು ಅಂತ ಕೇಳಾಕತ್ತಾರ್ರೀ ಅಮ್ಮಾರ. ಅವರ ದನಿ ಕೇಳಸ್ತದೇನು?"

ಡಾಕ್ಟರು ಕೇಳಬೇಕಾದ ಪ್ರಶ್ನೆಯೇ ಅದು, ನನಗೆ ಹುಚ್ಚು ಹಿಡಿದಿದೆಯೋ ಎಂದು ತಿಳಿದುಕೊಳ್ಳಲು. ಆದರೆ ನನ್ನ ಎದೆಗೆ ತಾಗಿತು. ಅಷ್ಟು ವರ್ಷ ನಾನೇ ಆ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ. "ಇಲ್ಲ," ಎಂದೆ. "ಅವರು ಮಾತಾಡಕ್ಕೆ ನಾನು ಜಾಗ ಬಿಟ್ಟಿಲ್ಲ."

ಅದನ್ನೂ ಹಾಗೆಯೇ ಹೇಳಿತು ದನಿ. ಡಾಕ್ಟರಮ್ಮ, ಇನ್ನೊಂದು ಸಲ ಮಿಷನ್ನಿನಲ್ಲಿ ನೋಡೋಣ, ಆದರೆ ಗುರುತು ಕಂಡಾಗ ಅವರೊಂದಿಗೆ ಮಾತಾಡುವುದನ್ನು ನಿಲ್ಲಿಸಬೇಕು, ಸಾಧ್ಯವೇ ಎಂದು ಕೇಳಿಸಿದರು. ಮಗಳಿಗೆ ಹೇಳಬೇಡಿ ಎಂದು ಕೇಳಿಕೊಂಡೆ. ನಿಮ್ಮ ಮಾತು ನಿಮ್ಮದು, ನಾನೇಕೆ ಹೇಳಲಿ ಎಂದರು. ನಿಮ್ಮ ಅಮ್ಮ ಕಾಫಿ ತಂದಳು. ಅದು ಕಲಗಚ್ಚೇ. ಪೂರ್ತಿ ಕುಡಿದೆ.

ಆ ವಾರ ಮನೆಯಲ್ಲಿ ಅಭ್ಯಾಸ ಮಾಡಿದೆ. ಕಿಟಕಿಯ ಅಡ್ಡಪಟ್ಟಿ ಉದ್ದಪಟ್ಟಿ ಸೇರುವ ಕಡೆ ನೋಡುತ್ತಾ ಕೂತು, ಈಗ ಮಾತು ಬೇಡ ಎಂದುಕೊಳ್ಳುವುದು. 'ನೋಡಿ, ನಾನೀಗ ಮಾತಾಡಲ್ಲ, ಡಾಕ್ಟರಮ್ಮ ಬೇಡ ಅಂದವ್ರೆ,' ಎಂದು ಅವರಿಗೆ ಹೇಳುವುದು. ಅದೇ ಮಾತಾಯಿತಲ್ಲ! ದೇವರ ಹೆಸರು ಹೇಳಿಕೊಂಡರೆ ಅದೂ ಮಾತು. ಅಂಕಿ ಎಣಿಸಿದರೆ ಅದೂ ಮಾತು. ತಡೆದಷ್ಟೂ ಹೆಚ್ಚಾಗಿ ಬರುತ್ತಿತ್ತು. ಹೊರಗಡೆ ಸುಮ್ಮನಿರುವುದರಲ್ಲಿ ನನ್ನನ್ನು ಮೀರಿಸುವವರು ಯಾರೂ ಇರಲಿಲ್ಲ, ಒಳಗಡೆ ನಾನು ನಿಮ್ಮ ತಾತನಿಗಿಂತ ದೊಡ್ಡ ವಾಚಾಳಿಯಾಗಿದ್ದೆ.

ಎರಡನೇ ಸಲ ಕೊಳವೆಯೊಳಗೆ ಮಲಗಿದಾಗಲೂ ನನಗೆ ದಾರಿ ತಿಳಿದಿರಲಿಲ್ಲ. "ಬಾಗಿಲು," ಎಂದಿತು ನಿಮ್ಮ ಅಮ್ಮನ ದನಿ. "ತೆಗಿ," ಎಂದುಕೊಂಡೆ. ಗುರುತು ಬಂತು. ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು ಕತೆಯನ್ನು ಅರ್ಧಕ್ಕೆ ನಿಲ್ಲಿಸಿದ ಅವರ ಮುಖ ಅದು ಹೇಗೋ ಕಣ್ಣಿಗೆ ಬಂತು. ಒಂದು ದವಡೆ ಉಬ್ಬಿದೆ, ಕೈ ಮೇಲೆತ್ತಿ ತಡಿ ಎನ್ನುತ್ತಿದ್ದಾರೆ. ನಾನು ಕಾದೆ. ಮದುವೆಯಾದಂದಿನಿಂದ ಮಾಡಿದ ಕೆಲಸ ಅದು, ಕಲಿಯಬೇಕಾಗಿರಲಿಲ್ಲ. ಇನ್ನೇನು ಅಲ್ಲಿಂದಲೇ ಮುಂದುವರಿಸುತ್ತಾರೆ, ನಾನು ಏನೂ ಹೇಳಬೇಕಿಲ್ಲ, ಕೇಳಿಸಿಕೊಳ್ಳಬೇಕು ಅಷ್ಟೆ.

ಅವರು ಏನೂ ಹೇಳಲಿಲ್ಲ.

ಮತ್ತೆ ಹೆಸರುಗಳು ಬಂದವು. ಮತ್ತೆ ಗುರುತು. ಮತ್ತೆ ಕಾದೆ. ಮಿಷನ್ನಿನ ಸದ್ದು ಇತ್ತು, ಅದರ ಒಳಗೆ ಏನೂ ಇರಲಿಲ್ಲ. ಅವರನ್ನು ಮಣ್ಣು ಮಾಡಿದ ದಿನ ನಾನು ಅಷ್ಟು ಅತ್ತಿರಲಿಲ್ಲ. ಬಂದವರಿಗೆ ನೀರು ಕೊಡುವುದು, ಚಾಪೆ ಹಾಸುವುದು ಇತ್ತು. ಅವರು ಇಲ್ಲ ಎನ್ನುವುದು ನನಗೆ ತಿಳಿದದ್ದು ಆ ಕೊಳವೆಯೊಳಗೆ, ಒಂದು ಗುರುತಿನಿಂದ ಇನ್ನೊಂದು ಗುರುತಿಗೆ. ತಲೆ ಅಲ್ಲಾಡಿಸಬಾರದು ಎಂದಿದ್ದರು, ಅದಕ್ಕೆ ಅಳಲೂ ಇಲ್ಲ. ನೀರು ಕಣ್ಣಿನ ಪಕ್ಕದಿಂದ ಕಿವಿಯೊಳಗೆ ಇಳಿಯಿತು.

ಚಿತ್ರ ಬಂತು. ಡಾಕ್ಟರಮ್ಮ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ಬೂದುಬಣ್ಣದ ತಲೆಯೊಳಗೆ ಅಲ್ಲಲ್ಲಿ ಹಳದಿ, ಕಿತ್ತಳೆ. ಬೂದಿ ಕೆದಕಿದಾಗ ಕೆಂಡ ಕಂಡ ಹಾಗೆ. ಆ ಬಣ್ಣ ರಕ್ತದ್ದಲ್ಲವಂತೆ, ಮಾತಿಗೂ ಮೌನಕ್ಕೂ ವ್ಯತ್ಯಾಸ ಎಲ್ಲಿ ಹೆಚ್ಚಿತ್ತೋ ಅಲ್ಲಿ ಕಂಪ್ಯೂಟರು ಬಳಿದದ್ದು. ಗಡ್ಡೆಗೂ ಆ ಕೆಂಡಕ್ಕೂ ನಡುವೆ ತೆಳ್ಳಗೆ ಒಂದು ಬದುವಿನಷ್ಟು ಜಾಗ ಇತ್ತು.

"ಇಲ್ಲಿಂದ ಹೋಗಬಹುದು ಅಂತಾರ್ರೀ ಅಮ್ಮಾರ," ಎಂದಿತು ದನಿ. ನಂತರ, "ಇದು ನಾ ಸೇರಸೂದ್ರಿ, ರೂಲ್ಸ್ ಮೀರಿ. ಒಳ್ಳೇದಾಗ್ಲಿ." ಅದನ್ನು ಇಂಗ್ಲಿಷಿಗೆ ಹೇಳಲಿಲ್ಲ.

ನಿಮ್ಮ ಅಮ್ಮ ಕೂತಲ್ಲೇ ಎರಡೂ ಕೈ ಜೋಡಿಸಿದಳು. "ಮೊದಲ್ನೇ ಸಲ ಯಾಕೆ ಬರ್ಲಿಲ್ಲಂತೆ?" ಎಂದು ಕೇಳಿದಳು. ಡಾಕ್ಟರಮ್ಮ ಒಮ್ಮೊಮ್ಮೆ ಹಾಗಾಗುತ್ತದೆ ಎಂದರು.

ಆಪರೇಷನ್ ಆಯಿತು. ಎಚ್ಚರವಾದಾಗ ನಿಮ್ಮ ಅಮ್ಮ ಮಂಚದ ಪಕ್ಕ ಕೂತಿದ್ದಳು, ತಲೆ ಬಾಚಿರಲಿಲ್ಲ. "ಊಟ ಮಾಡ್ದಾ?" ಎಂದೆ. ಅವಳು ನನ್ನ ಕಾಲಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ನನ್ನ ಮಾತು ಕೇಳಿ ಯಾರಾದರೂ ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಸಂಜೆ ಪರೀಕ್ಷೆ ಮಾಡಲು ಬಂದವರು ಭಾಷಾಂತರಕ್ಕೆ ಫೋನು ಮಾಡಿದರು. ಈ ಸಲ ಬೇರೆ ಯಾರೋ ಹೆಂಗಸು. ಆ ಮನುಷ್ಯನ ದನಿ ಮತ್ತೆ ಸಿಗಲಿಲ್ಲ. ಯಾವ ಊರಿನವರೆಂದು ತಿಳಿಯದೇ ಹೋಯಿತು.

ಮಾತು ಬಹುಪಾಲು ಉಳಿದಿದೆ. ಕೆಲವು ಹೆಸರು ತಡವಾಗಿ ಬರುತ್ತವೆ, ಕೆಲವು ಬರುವುದಿಲ್ಲ. ನಾನು ಅದು, ಇದು ಎನ್ನುತ್ತೇನೆ, ನೀವು ಇಂಗ್ಲಿಷಿನಲ್ಲಿ ಹೇಳಿಕೊಡುತ್ತೀರಿ. ಇದನ್ನು ಬರೆಯುವಾಗಲೂ ಅಲ್ಲಲ್ಲಿ ಪದಕ್ಕೆ ಕಾದು ಕೂತಿದ್ದೇನೆ. ನಾನು ಹೋದ ಮೇಲೆ ಇದು ನಿಮ್ಮ ಕೈಗೆ ಸಿಗುತ್ತದೆ. ನೀವು ಕನ್ನಡ ಓದುವುದನ್ನು ಕಲಿತರೆ ಓದಿ, ಇಲ್ಲವಾದರೆ ನಿಮ್ಮ ಅಮ್ಮನಿಂದ ಓದಿಸಿಕೊಳ್ಳಿ. ಅವಳು ಓದುವ ಹೊತ್ತಿಗೆ ನಾನು ಇರುವುದಿಲ್ಲ, ಆಗ ಅವಳಿಗೆ ಇಷ್ಟು ನೋವಾಗಲಾರದು.

ಗ್ಯಾರೇಜಿನ ಬಾಗಿಲು ಇಳಿದ ಮೇಲೆ ಈಗಲೂ ನಿಮ್ಮ ತಾತನೊಂದಿಗೆ ಮಾತಾಡುತ್ತೇನೆ. ಯಾವುದನ್ನು ಉಳಿಸಿಕೊಳ್ಳಲು ಅಷ್ಟೆಲ್ಲ ಮಾಡಿದೆನೋ ಅದು ಉಳಿದಿದೆ. ಆದರೆ ಮೊದಲಿನ ಹಾಗೆ ಒಂದೇ ಸಮ ಬರುವುದಿಲ್ಲ. ಒಂದು ವಿಷಯ ಹೇಳುತ್ತೇನೆ, ಹೇಳಿದ ಮೇಲೆ ತಾನಾಗಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಕೂತಿರುತ್ತೇನೆ. ಏನೂ ಬರುವುದಿಲ್ಲ ಎಂದು ಈಗ ಗೊತ್ತು. ಆಮೇಲೆ ಎದ್ದು ಬೇಳೆ ತೊಳೆಯುತ್ತೇನೆ, ತೊಳೆಯುತ್ತಾ ಮತ್ತೊಂದು ವಿಷಯ ಶುರುಮಾಡುತ್ತೇನೆ.